ಉಡಿಕೆಯ ಮದುವೆಗೆ ಸಾಕ್ಷಿ

ಕಡೂರಿನಲ್ಲಿ ನಾನು ವಕೀಲಿ ಶುರುಮಾಡಿದ ಮೊದಲ ವರ್ಷಗಳಲ್ಲಿ ನನ್ನ ಬೆಳಗು ಚೆಂಡಿನಿಂದ ಆರಂಭವಾಗುತ್ತಿತ್ತು. ನಮ್ಮ ತಂದೆಯವರ ಕೊಬ್ಬರಿ ಮಂಡಿಯ ಹಿಂದಿನ ಗೋಡೆಗೆ ಕಮ್ಮಾರನಿಂದ ಮಾಡಿಸಿದ ಕಬ್ಬಿಣದ ಬಳೆಯೊಂದನ್ನು ಹೊಡೆಸಿದ್ದೆ. ಹಮಾಲರು ಬರುವ ಮೊದಲು ಅಲ್ಲಿ ಬ್ಯಾಸ್ಕೆಟ್‌ಬಾಲ್ ಅಭ್ಯಾಸ, ಆಮೇಲೆ ಸ್ನಾನ, ತಿಂಡಿ, ಹಿರಿಯ ವಕೀಲರ ಕಚೇರಿ. ಮೈಸೂರಿನ ಕಾಲೇಜಿನಲ್ಲಿ ಆಡುತ್ತಿದ್ದಾಗ ನಮ್ಮ ತರಬೇತುದಾರರು ಕಲಿಸಿದ ಶಿಸ್ತು ಅದು. ಅವರು ಸೈನ್ಯದಿಂದ ಬಂದವರು. ಮಳೆ ಬಂದರೆ ಅಭ್ಯಾಸ ಇಲ್ಲವೇ ಎಂದು ಕೇಳಿದವಳನ್ನು ಮಳೆಯಲ್ಲೇ ಓಡಿಸುತ್ತಿದ್ದರು. ನಾನು ವಿಶ್ವವಿದ್ಯಾನಿಲಯದ ತಂಡಕ್ಕೆ ಆಡಿದೆ, ನಾಯಕಿಯೂ ಆದೆ, ಪತ್ರಿಕೆಯಲ್ಲಿ ಫೋಟೋ ಬಂತು. ಆ ಫೋಟೋ ನೋಡಿ ನಮ್ಮ ಅಜ್ಜಿ, "ಚಡ್ಡಿ ಹಾಕ್ಕಂಡು ಊರಿಗೆಲ್ಲ ಕಾಲು ತೋರ್ಸಿದ್ಯಲ್ಲೇ" ಎಂದು ಅತ್ತರು. ಆ ಮಾತು ಅಲ್ಲಿಗೆ ಸಾಕು.

ಹಾಗೆ ಒಂದು ಬೆಳಿಗ್ಗೆ ನಾನು ಚೆಂಡು ಎಸೆಯುತ್ತಿದ್ದಾಗ ಮಂಡಿಯ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತು ನೋಡುತ್ತಿದ್ದಳು. ಅಜ್ಜಂಪುರದ ಕಡೆಯಿಂದ ಮೊದಲ ಬಸ್ಸಿಗೆ ಬಂದವಳು. ವಯಸ್ಸು ನನಗಿಂತ ಹತ್ತಾರು ವರ್ಷ ಹೆಚ್ಚು, ಬರಿಗೈ, ಬರಿಹಣೆ. ಬಹಳ ಹೊತ್ತು ನೋಡಿದ ಮೇಲೆ ಕೇಳಿದಳು:

"ಅಲ್ಲ ಕಣಮ್ಮ, ಬುಟ್ಟಿಗೆ ತಳಾನೇ ಇಲ್ಲ. ಹಾಕಿ ಹಾಕಿ ಏನ್ ತುಂಬುಸ್ತೀರಿ?"

"ತುಂಬೋದಕ್ಕಲ್ಲ ಇದು. ಯಾರು ಬೇಕಾಗಿತ್ತು?"

"ಎತ್ತರದ ಲಾಯರಮ್ಮ ಅಂತ ಹೇಳಿ ಕಳಿಸಿದ್ರು. ನೀವೇ ಇರ್ಬೇಕು. ಇದಕ್ಕಿಂತ ಎತ್ತರ ಇನ್ಯಾರಿರ್ತಾರೆ."

ಅವಳ ವಿಷಯ ಹೀಗಿತ್ತು. ಚಿಕ್ಕ ವಯಸ್ಸಿನಲ್ಲಿ ಮೊದಲ ಗಂಡ ತೀರಿಕೊಂಡಿದ್ದ. ಕೆಲವು ವರ್ಷಗಳ ಮೇಲೆ ಪಕ್ಕದ ಹಳ್ಳಿಯ ರೈತನೊಬ್ಬ ಅವಳನ್ನು ಉಡಿಕೆ ಮಾಡಿಕೊಂಡ. ಉಡಿಕೆಯೆಂದರೆ ವಿಧವೆಯ ಮರುಮದುವೆ. ವಾಲಗವಿಲ್ಲ, ಚಪ್ಪರವಿಲ್ಲ. ದೀಪ ಹಚ್ಚಿದ ಮೇಲೆ ಮನೆಯೊಳಗೆ ಹೊಸ ಸೀರೆಯನ್ನು ಹೆಣ್ಣಿನ ಮಡಿಲಿಗೆ ಹಾಕುತ್ತಾರೆ. ಅದನ್ನು ಉಟ್ಟು ಬಂದವಳಿಗೆ ಗಂಡು ತಾಳಿ ಕಟ್ಟುತ್ತಾನೆ. ಹಿರಿಯರಿಬ್ಬರು ಎಲೆ ಅಡಿಕೆ ಹಾಕಿಕೊಂಡರೆ ಮುಗಿಯಿತು. ಹಾಗೆ ಆದ ಮೇಲೆ ಆ ಮನೆಯಲ್ಲಿ ಬಹಳ ವರ್ಷ ಬಾಳಿದಳು. ಮಕ್ಕಳಾಗಲಿಲ್ಲ. ಈಗ ಎರಡನೆಯ ಗಂಡನೂ ಹೋದ. ತಿಥಿ ಕಳೆದ ಮೇಲೆ ಅವನ ತಮ್ಮ, ಅಂದರೆ ಅವಳ ಮೈದುನ, ಮನೆ ಬಿಟ್ಟು ಹೋಗು ಅಂದ.

"ಏನು ಕಾರಣ ಹೇಳಿದರು?" ಎಂದೆ.

"ನೀನು ಕೆಲ್ಸಕ್ಕೆ ಬಂದೋಳು, ನಮ್ಮಣ್ಣ ಇಟ್ಕಂಡಿದ್ದ, ಅಂದ ಕಣ್ರೀ. ಎಮ್ಮೆ ಹಾಲು ಕರ್ದು ಅವನ ಮಕ್ಳಿಗೇ ಕುಡಿಸಿದ ಕೈ ಇದು." ಸೆರಗು ಬಿಗಿದು ಮತ್ತೆ ಹೇಳಿದಳು. "ಮನೆ ಕೊಡದಿದ್ರೆ ಎಲ್ಲಾರ ಬಿದ್ದಿರ್ತೀನಿ. ಇಟ್ಕಂಡೋಳು ಅನ್ನಿಸ್ಕಂಡು ಮಾತ್ರ ಸಾಯಲ್ಲ."

ಹಿರಿಯರ ಕಚೇರಿಗೆ ಅವಳನ್ನು ಕರೆದುಕೊಂಡು ಹೋದೆ. ನಮ್ಮ ಹಿರಿಯರು ಕಡೂರಿನ ಹಳೆಯ ಮುಸಲ್ಮಾನ ಮನೆತನದವರು. ಮನೆಯಲ್ಲಿ ದಖ್ಖನಿ, ಕೋರ್ಟಿನಲ್ಲಿ ಅಚ್ಚ ಕನ್ನಡ. ಎಲ್ಲ ಕೇಳಿ, ಕನ್ನಡಕ ಒರೆಸಿಕೊಂಡು ಹೇಳಿದರು:

"ಕಾನೂನು ನಿಮ್ಮ ಕಡೆ ಇದೆಯಮ್ಮ. ಸಪ್ತಪದಿ ತುಳಿಯಲೇಬೇಕು ಅಂತಿಲ್ಲ, ಅವರವರ ಪದ್ಧತಿ ಪ್ರಕಾರ ಆದ್ರೂ ಮದುವೆ ಮದುವೇನೇ. ಆದ್ರೆ ಎರಡು ಮಾತು ರುಜುವಾತು ಮಾಡ್ಬೇಕು. ಆ ಮನೆತನದಲ್ಲಿ ಉಡಿಕೆ ಪದ್ಧತಿ ಇತ್ತು ಅನ್ನೋದು ಒಂದು. ಈಕೆಗೆ ಆ ಪ್ರಕಾರ ಉಡಿಕೆ ಆಯ್ತು ಅನ್ನೋದು ಇನ್ನೊಂದು. ಒಂದು ಇದ್ದು ಒಂದು ಇಲ್ದಿದ್ರೆ ನೀವು ಗೆದ್ದ ಹಾಗಲ್ಲ."

ಆಕೆ ಸತ್ತವನ ಹೆಂಡತಿಯೆಂದು ಘೋಷಿಸಬೇಕು, ಮನೆಯಿಂದ ಹೊರಹಾಕದಂತೆ ತಡೆಯಬೇಕು ಎಂದು ತರೀಕೆರೆಯ ಮುನ್ಸೀಫ್ ಕೋರ್ಟಿನಲ್ಲಿ ದಾವೆ ಹಾಕಿದೆ. ದಾವೆ ಮುಗಿಯುವವರೆಗೆ ಪಡಸಾಲೆ ಪಕ್ಕದ ಕೋಣೆಯಲ್ಲಿ ಅವಳು ಇರಬಹುದೆಂದು ಮಧ್ಯಂತರ ಆದೇಶ ಸಿಕ್ಕಿತು. ಮೈದುನ ಆದೇಶ ಮೀರಲಿಲ್ಲ. ಆದರೆ ಕೋಣೆಯಿಂದ ಒಳಮನೆಗೆ ಹೋಗುವ ಬಾಗಿಲನ್ನು ಇಟ್ಟಿಗೆ ಇಟ್ಟು ಮುಚ್ಚಿಸಿದ. ಅವಳಿಗೆ ಬೀದಿ ಕಡೆಯ ಬಾಗಿಲೊಂದೇ ಉಳಿಯಿತು.

ಆತ ಕೆಟ್ಟವನೆಂದು ಆಗಲೂ ನನಗೆ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಮನೆಯಲ್ಲಿ ಬೆಳೆದ ಹೆಣ್ಣುಮಕ್ಕಳಿದ್ದರು. ಉಡಿಕೆಯಾದ ಮನೆಯೆಂದು ಕೋರ್ಟಿನಲ್ಲೇ ದಾಖಲಾದರೆ ದೊಡ್ಡ ಮನೆತನಗಳ ಸಂಬಂಧ ಬರುವುದಿಲ್ಲ ಎಂದು ಯಾರೋ ನೆಂಟರು ಅವನ ತಲೆಗೆ ತುಂಬಿದ್ದರು. ಅದಕ್ಕಾಗಿ ಅವನ ಲಿಖಿತ ಹೇಳಿಕೆಯಲ್ಲಿ ಒಂದು ಖಡಾಖಂಡಿತ ಮಾತಿತ್ತು: ನಮ್ಮ ಮನೆತನದಲ್ಲಾಗಲಿ ನಮ್ಮ ಜನರಲ್ಲಾಗಲಿ ಉಡಿಕೆ ಎಂಬ ಪದ್ಧತಿಯೇ ಇಲ್ಲ.

ಸಾಕ್ಷಿಗಳನ್ನು ಹುಡುಕಲು ಹೊರಟೆ. ಎಲೆ ಅಡಿಕೆ ಹಾಕಿಕೊಂಡಿದ್ದ ಹಿರಿಯರಲ್ಲಿ ಒಬ್ಬರು ಹೋಗಿಬಿಟ್ಟಿದ್ದರು. ಇನ್ನೊಬ್ಬರಿಗೆ ಲಕ್ವ ಹೊಡೆದು ಮಾತು ನಿಂತಿತ್ತು. ಅಜ್ಜಂಪುರದ ಬಸ್ ನಿಲ್ದಾಣದಲ್ಲಿ ಇಳಿದು ಬಿಸಿಲಿನಲ್ಲಿ ಆ ಹಳ್ಳಿಗೆ ನಡೆದು ಹೋದ ದಿನಗಳಲ್ಲಿ ನನ್ನ ಹಿಂದೆ ಒಂದು ಮೆರವಣಿಗೆಯೇ ಇರುತ್ತಿತ್ತು. "ಲೇ, ಲೈಟ್ ಕಂಬ ಬತ್ತಾ ಐತೆ ನೋಡ್ರೋ" ಎಂದು ಅರಳಿಕಟ್ಟೆಯ ಮೇಲಿನವರು ಕೂಗುತ್ತಿದ್ದರು. "ಕಂಬ ಬಂದಿದೆ, ಕರೆಂಟು ನೀವು ತಂದುಕೊಳ್ಳಿ" ಎಂದು ಒಮ್ಮೆ ಹೇಳಿದ ಮೇಲೆ ಅವರೇ ದಾರಿ ತೋರಿಸತೊಡಗಿದರು. ಆದರೆ ಉಡಿಕೆಯ ಮಾತೆತ್ತಿದರೆ ಎಲ್ಲರಿಗೂ ಕೆಲಸ ನೆನಪಾಗುತ್ತಿತ್ತು.

ಕೊನೆಗೆ ನನ್ನ ಕಕ್ಷಿದಾರಳ ಎದುರು ಮನೆಯ ಹೆಂಗಸು ತಾನಾಗಿಯೇ ಮುಂದೆ ಬಂದಳು. ಅಗಲ ಮುಖದ, ದೊಡ್ಡ ಕುಂಕುಮದ, ಧಾರಾಳ ಸ್ವಭಾವದ ಹೆಂಗಸು.

"ನಾನ್ ಹೇಳ್ತೀನಿ ನಡೀರಿ. ಸೀರೆ ಹಾಕಿದ್ದು, ತಾಳಿ ಕಟ್ಟಿದ್ದು ಎಲ್ಲ ಈ ಕಣ್ಣಲ್ಲೇ ನೋಡಿದೀನಿ. ಯಾವೋನ್ ಬತ್ತಾನೋ ಬರ್ಲಿ."

ಯಾವ ಮನೆ, ಯಾರು ಯಾರಿದ್ದರು, ಯಾರು ಎಲ್ಲಿ ಕೂತಿದ್ದರು ಎಂದೆಲ್ಲ ಕ್ರಮವಾಗಿ ಕೇಳಿದೆ. ತಡವರಿಸದೆ ಉತ್ತರ ಕೊಟ್ಟಳು. ಕೇಳಬೇಕಾಗಿದ್ದ ಒಂದು ಪ್ರಶ್ನೆ ಮಾತ್ರ ನನಗೆ ಹೊಳೆಯಲಿಲ್ಲ. ಪೇಟೆಯ ಮಂಡಿ ಮನೆಯಲ್ಲಿ ಬೆಳೆದ ನಾನು ಉಡಿಕೆಯನ್ನು ಕೇಳಿದ್ದೆನೇ ಹೊರತು ಕಂಡವಳಲ್ಲ. ಆ ಸುದ್ದಿ ಬಂದರೆ ನಮ್ಮ ಮನೆಯ ಹೆಂಗಸರು ದನಿ ತಗ್ಗಿಸುತ್ತಿದ್ದರು.

ವಿಚಾರಣೆ ಶುರುವಾಯಿತು. ಮುನ್ಸೀಫರು ಕರಾವಳಿಯ ಕಡೆಯವರು, ಯುವಕರು, ನಮ್ಮ ಸೀಮೆಯ ಪದ್ಧತಿಗಳು ಅವರಿಗೆ ಹೊಸವು. ಎದುರು ವಕೀಲರು ತರೀಕೆರೆಯಲ್ಲೇ ಹುಟ್ಟಿ ಅಲ್ಲೇ ನರೆತವರು. ಮೊದಲು ನನ್ನ ಕಕ್ಷಿದಾರಳು ಸಾಕ್ಷಿ ಹೇಳಿದಳು. ಅವಳನ್ನು ಎಷ್ಟು ಅಲುಗಾಡಿಸಿದರೂ ಅವಳು ನಿಂತಳು. ಆದರೆ ತನ್ನ ಮದುವೆಗೆ ತಾನೇ ಸಾಕ್ಷಿಯಾದರೆ ಸಾಲದು. ಎದುರು ಮನೆಯಾಕೆ ಎರಡನೆಯ ಸಾಕ್ಷಿಯಾಗಿ ಕಟಕಟೆ ಹತ್ತಿದಳು. ನನ್ನ ಪ್ರಶ್ನೆಗಳಿಗೆಲ್ಲ ಮನೆಯಲ್ಲಿ ಹೇಳಿದಂತೆಯೇ ಹೇಳಿದಳು. ಆಮೇಲೆ ಎದುರು ವಕೀಲರು ಪಾಟೀಸವಾಲಿಗೆ ಎದ್ದರು. ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ.

"ನಿಮ್ಮ ಯಜಮಾನ್ರು ಚೆನ್ನಾಗಿದಾರೇನವ್ವ?"

"ದೇವ್ರು ಮಡಗಿದಂಗೆ ಚೆನ್ನಾಗವ್ರೆ. ಅಗೋ, ಹುಣಸೆಮರದ ಕೆಳಗೆ ಬೀಡಿ ಸೇದ್ತಾ ಕೂತವ್ರೆ."

ಕೋರ್ಟಿನಲ್ಲಿ ನಗು.

"ನೂರು ವರ್ಷ ಇರ್ಲಿ. ಈ ಉಡಿಕೆ ಅಂತೀರಲ್ಲ, ಆಗ್ಲೂ ಚೆನ್ನಾಗಿದ್ರಾ?"

"ಓಹೋ, ಆಗ ಇನ್ನೂ ಗಟ್ಟಿ."

"ಅಂದ್ರೆ ನೀವು ಆಗ್ಲೂ ಮುತ್ತೈದೆ."

"ಇನ್ನೇನು ಮತ್ತೆ?"

"ಅಲ್ಲ ತಾಯಿ, ಉಡಿಕೆ ಮಾಡೋವಾಗ ಮುತ್ತೈದೇರು ಆ ಹೊಸ್ತಿಲು ತುಳಿಯಲ್ಲ, ಮುಖಾನೂ ನೋಡಲ್ಲ. ಅದು ನಮ್ಮ ಸೀಮೆ ಪದ್ಧತಿ. ಗಂಡನ ಆಯಸ್ಸಿಗೆ ಕೇಡು ಅಂತಾರೆ. ನೀವು ಹೆಂಗವ್ವ ಹೋಗಿ ನೋಡಿದ್ರಿ?"

ಆಕೆ ಕಿಟಕಿಯಾಚೆ ಹುಣಸೆಮರದ ಕಡೆ ನೋಡಿದಳು. ಹೌದು ನೋಡಿದೆ ಎಂದರೆ ಕಟ್ಟಿಕೊಂಡ ಗಂಡನ ಆಯಸ್ಸಿಗೇ ಕೇಡು ಬಯಸಿದಂತೆ, ಇಡೀ ಊರಿನ ಮುಂದೆ. ಪಾಪದ ಹೆಂಗಸು ತಾಳಿ ಹಿಡಿದುಕೊಂಡಳು.

"ನೋಡಿಲ್ಲ" ಎಂದಳು. "ನೋಡಿಲ್ಲ ಸಾಮಿ. ಆದ್ರೆ ಆಗಿದ್ದು ಸತ್ಯ! ಊರಿಗೇ ಗೊತ್ತು. ಬೆಳಗಾದ್ಮೇಲೆ ನಾನೇ..."

"ಸಾಕು ತಾಯಿ. ಇಳೀರಿ."

ಆಡುತ್ತಿದ್ದ ದಿನಗಳಲ್ಲಿ ನಾನು ಬುಟ್ಟಿಗೆ ಹಾಕುವುದರಲ್ಲಿ ಅಷ್ಟೇನೂ ದೊಡ್ಡವಳಲ್ಲ. ಗುರಿ ತಪ್ಪಿ ಹಲಗೆಗೆ ಬಡಿದು ಹಿಂದಕ್ಕೆ ಬರುವ ಚೆಂಡನ್ನು ಹಿಡಿಯುವುದೇ ನನ್ನ ಆಟ. ತಂಡದಲ್ಲಿ ನನಗೆ ಜಾಗ ಸಿಕ್ಕಿದ್ದು ಅದರಿಂದ. ಎಸೆದವಳ ಮುಖ ನೋಡಬೇಡ, ಅಯ್ಯೋ ಅನ್ನಬೇಡ, ಚೆಂಡು ಎಲ್ಲಿ ಬೀಳುತ್ತದೆ ಅದನ್ನು ಮಾತ್ರ ನೋಡು ಎಂದು ತರಬೇತುದಾರರು ಕಿವಿಯಲ್ಲಿ ಕೊರೆದಿದ್ದರು. ನನ್ನ ಸಾಕ್ಷಿ ಕಟಕಟೆ ಇಳಿಯುವ ಮೊದಲೇ ಎದ್ದು ನಿಂತಿದ್ದೆ.

"ಸ್ವಾಮಿ, ಉತ್ತರವನ್ನಷ್ಟೇ ಅಲ್ಲ, ವಿದ್ವಾಂಸ ಮಿತ್ರರು ಕೇಳಿದ ಪ್ರಶ್ನೆಯನ್ನೂ ಅವರ ಮಾತಿನಲ್ಲೇ ದಾಖಲು ಮಾಡಬೇಕೆಂದು ಕೋರುತ್ತೇನೆ."

ಸಾಮಾನ್ಯವಾಗಿ ಪ್ರಶ್ನೆಯನ್ನು ಬರೆದುಕೊಳ್ಳುವುದಿಲ್ಲ. ಪ್ರಶ್ನೋತ್ತರ ಸೇರಿಸಿ ಸಾಕ್ಷಿಯೇ ಹೇಳಿದಂತೆ ಒಂದು ವಾಕ್ಯ ಮಾಡಿ ಟೈಪು ಹೊಡೆಯುತ್ತಾರೆ. ಮುನ್ಸೀಫರು ಎದುರು ವಕೀಲರ ಮುಖ ನೋಡಿದರು. ಅವರು ಉದಾರವಾಗಿ ಕೈಯಾಡಿಸಿದರು.

"ಬರ್ಕೊಳ್ಳಿ ಸ್ವಾಮಿ. ನಂದೇನು ಅಭ್ಯಂತರ ಇಲ್ಲ. ಮಗು ಆಸೆ ಪಡ್ತಿದೆ."

ಟೈಪು ಯಂತ್ರ ಟಕಟಕ ಎಂದಿತು. ಉಡಿಕೆಯ ಸಮಯದಲ್ಲಿ ಮುತ್ತೈದೆಯರು ಹೊಸ್ತಿಲು ತುಳಿಯುವುದಿಲ್ಲ, ಅದು ನಮ್ಮ ಸೀಮೆಯ ಪದ್ಧತಿ. ಪದ್ಧತಿಯೇ ಇಲ್ಲವೆಂದು ಹೇಳಿಕೆ ಸಲ್ಲಿಸಿದವರ ವಕೀಲರ ಬಾಯಿಂದ ಬಂದ ಮಾತು ಹಾಳೆಗೆ ಇಳಿಯಿತು.

ಕಡೂರಿಗೆ ಮರಳಿ ಹಿರಿಯರಿಗೆ ವರದಿ ಒಪ್ಪಿಸಿದೆ. ಪ್ರಶ್ನೆ ದಾಖಲಾದದ್ದಕ್ಕೆ ಅವರು ತಲೆದೂಗಿದರು. ಆದರೆ ಬೆನ್ನು ತಟ್ಟಲಿಲ್ಲ.

"ವಕೀಲನ ಪ್ರಶ್ನೆ ಸಾಕ್ಷ್ಯ ಆಗಲ್ಲಮ್ಮ. ವಾದಕ್ಕೆ ಒಳ್ಳೆ ಆಸರೆ, ಅಷ್ಟೇ. ಪದ್ಧತಿ ಇದೆ ಅನ್ನೋದಕ್ಕೆ ಬಾಗಿಲು ಸ್ವಲ್ಪ ತೆರೀತು ಅಂತಿಟ್ಕೊಳ್ಳಿ. ಈಕೆ ಮದುವೆ ಆಯ್ತು ಅನ್ನೋದು ಇನ್ನೂ ಹೊರಗೇ ನಿಂತಿದೆ."

"ಎರಡನೇ ಸಾಕ್ಷಿಯ ಮಾತನ್ನು ನಾವು ಆಧಾರ ಮಾಡಿಕೊಳ್ಳುವುದಿಲ್ಲ ಅಂತ ಮೆಮೊ ಹಾಕಬೇಕು ಅಂದುಕೊಂಡಿದ್ದೇನೆ" ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಸಾಕ್ಷೀನ ನೀವೇ ಕೊಲ್ತೀರಾ? ಎಲ್ಲಾದ್ರೂ ಕೇಳಿದೀರಾ ಇಂಥಾದ್ದು? ಮರುವಿಚಾರಣೆ ಮಾಡಿ, ಬೆಳಿಗ್ಗೆ ಏನು ನೋಡಿದೆ ಅಂತ ಕೇಳಿ, ತೇಪೆ ಹಾಕಿ."

"ಸುಳ್ಳು ಹೇಳಿದ ಬಾಯಿಂದ ಬರುವ ನಿಜವನ್ನು ಮುನ್ಸೀಫರು ನಂಬುತ್ತಾರೆಯೇ, ಸಾರ್? ನಮ್ಮ ಆಟದಲ್ಲಿ ತಪ್ಪು ಮಾಡಿದವರು ತಾವೇ ಕೈಯೆತ್ತಬೇಕಿತ್ತು. ರೆಫರಿ ಯಾರೆಂದು ಹುಡುಕುವಂತಾಗಬಾರದು. ಕೈಯೆತ್ತಿದರೆ ಆಟ ಬೇಗ ಮುಂದೆ ಹೋಗುತ್ತದೆ."

"ಇದು ಆಟ ಅಲ್ಲಮ್ಮ."

"ಅಲ್ಲ. ಆದರೂ ಆಕೆಯ ಸುಳ್ಳಿಗೆ ಆತುಕೊಂಡು ವಾದ ಮಾಡಿದರೆ ನನ್ನ ಕಕ್ಷಿದಾರಳ ನಿಜವೂ ಅದರ ಜೊತೆಗೇ ಬೀಳುತ್ತದೆ."

ಅವರು ಬೇಡವೆನ್ನಲಿಲ್ಲ, ಸರಿ ಎನ್ನಲೂ ಇಲ್ಲ. "ಹಾಗಾದ್ರೆ ಅಲ್ಲಿ ನಿಜವಾಗಿ ಇದ್ದೋರು ಯಾರು? ಅದನ್ನ ಹುಡುಕಿ" ಎಂದರು.

ಕಕ್ಷಿದಾರಳನ್ನು ಕೂಡಿಸಿಕೊಂಡು ಕೇಳಿದೆ. ಮುತ್ತೈದೆಯರು ಬರುವುದಿಲ್ಲವೆಂದರೆ ಸೀರೆ ಹಾಕುವವರು ಯಾರು? ಮೊದಲ ದಿನದಿಂದಲೂ ನನಗೆ ಹೇಳದೆ ಉಳಿಸಿಕೊಂಡ ಮಾತು ಅವಳಲ್ಲಿ ಒಂದಿತ್ತು.

"ಮುಂಡೇರೇ ಹಾಕೋದು. ಅವತ್ತು ಹಾಕಿದ್ದು ನಮ್ಮ ಅತ್ಗೆ."

ಅತ್ತಿಗೆಯೆಂದರೆ ಸತ್ತ ಗಂಡನ ಅಕ್ಕ. ಬಾಲ್ಯದಲ್ಲೇ ವಿಧವೆಯಾಗಿ ತವರಿಗೆ ಮರಳಿದವರು. ಈಗಲೂ ಅದೇ ಮನೆಯಲ್ಲಿ, ಕಿರಿಯ ತಮ್ಮನ ಆಶ್ರಯದಲ್ಲಿ ಇದ್ದರು.

"ಇದನ್ನು ಮುಂಚೆಯೇ ಯಾಕೆ ಹೇಳಲಿಲ್ಲ?"

"ಹೆಂಗ್ ಹೇಳ್ಲಿ ಕಣ್ರೀ? ಆಯಮ್ಮ ಬಂದು ಸಾಕ್ಷಿ ಹೇಳಿದ್ರೆ ಸಂಜೆಗೆ ಅವರ ತಟ್ಟೇಗೆ ಯಾರು ಹಾಕ್ತಾರೆ? ನನಗೊಂದು ನೆಲೆ ಆಗ್ಲಿ ಅಂತ ಅವರ ನೆಲೆ ಕೀಳ್ಲಾ? ನನ್ ಜೊತೆ ಮಾತಾಡ್ಬಾರ್ದು ಅಂತ ಕಟ್ಟಾಜ್ಞೆ ಮಾಡವ್ನೆ ಮೈದ. ಗೋಡೆ ಆಚೆ ಅವರು ಕೆಮ್ತಾರೆ, ಈಚೆ ನಾನೂ ಕೆಮ್ತೀನಿ. ಅಷ್ಟೇ ನಮ್ಮ ಮಾತು."

"ಅವರು ಬಾರದಿದ್ದರೆ ಈ ದಾವೆ ಬಿತ್ತು ಅಂತಲೇ ತಿಳಿದುಕೊಳ್ಳಿ."

"ಬೀಳ್ಲಿ ಬಿಡಿ" ಎಂದಳು. ಎದ್ದು ಬಾಗಿಲವರೆಗೆ ಹೋದಳು. ಅಲ್ಲಿ ನಿಂತು, ತಿರುಗಿ, "ಅವರನ್ನೇ ಒಂದ್ಮಾತು ಕೇಳಾಕಾಗಲ್ವಾ? ಬತ್ತೀನಿ ಅಂದ್ರೆ ಬರ್ಲಿ. ಬರಲ್ಲ ಅಂದ್ರೆ ಬಲವಂತ ಬೇಡ" ಎಂದಳು.

ನ್ಯಾಯವಾದ ಮಾತು. ಆದರೆ ಕೇಳುವುದು ಹೇಗೆ? ನಾನೇ ಹೋಗಿ ಮಾತನಾಡಿಸಬಹುದಿತ್ತು. ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಸಾಕ್ಷಿ ಏನು ಹೇಳುತ್ತಾರೆಂದು ತಿಳಿಯದೆ ಕಟಕಟೆ ಹತ್ತಿಸಬಾರದು ಎಂಬುದು ಹಿರಿಯರ ಕಚೇರಿಯ ಮೊದಲ ಪಾಠ. ಆದರೆ ಒಬ್ಬ ಸಾಕ್ಷಿ ಸುಳ್ಳು ಹೇಳಿ ಸಿಕ್ಕಿಬಿದ್ದ ಮೇಲೆ ಇನ್ನೊಬ್ಬರನ್ನು ಮೊದಲೇ ಮಾತನಾಡಿಸಿ ಕರೆತಂದರೆ, ಹೇಳಿಕೊಟ್ಟ ಪಾಠ ಎಂದು ಎದುರು ವಕೀಲರು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಬೆಳಗಿನ ಅಭ್ಯಾಸದಲ್ಲಿ ಅದನ್ನೇ ತಿರುವಿ ಹಾಕಿದೆ. ಅಂದು ಬಳೆಗೆ ಬಿದ್ದದ್ದಕ್ಕಿಂತ ಹೊರಗೆ ಬಿದ್ದದ್ದೇ ಹೆಚ್ಚು.

ಕೊನೆಗೆ ತೀರ್ಮಾನ ಮಾಡಿದೆ. ನಾನು ಆಕೆಯನ್ನು ನೋಡುವುದಿಲ್ಲ, ಯಾರ ಕೈಯಲ್ಲೂ ಮಾತು ಕಳಿಸುವುದಿಲ್ಲ. ಕೋರ್ಟಿನ ಮೂಲಕ ಸಮನ್ಸು ಹೋಗಲಿ. ಬರದಿದ್ದರೆ ವಾರಂಟು ಕೇಳುವುದಿಲ್ಲ, ಸಾಕ್ಷಿಯನ್ನು ಬಿಟ್ಟುಕೊಡುತ್ತೇನೆ. ಬರುವುದೂ ಬಿಡುವುದೂ ಆಕೆಗೆ ಬಿಟ್ಟದ್ದು. ಕಕ್ಷಿದಾರಳು ಇದಕ್ಕೆ ಒಪ್ಪಿದಳು. ಹಿರಿಯರು ಮಾತ್ರ "ಕಣ್ಣು ಕಟ್ಕೊಂಡು ಎಸೀತಿದೀರಿ" ಎಂದು ಗೊಣಗಿದರು. ಮೆಮೊ ಮತ್ತು ಸಾಕ್ಷಿಪಟ್ಟಿಯ ಅರ್ಜಿಯನ್ನು ಒಟ್ಟಿಗೇ ಸಲ್ಲಿಸಿದೆ. ಮೆಮೊ ಓದಿದ ಮುನ್ಸೀಫರು ತಲೆಯೆತ್ತಿ ನನ್ನನ್ನು ಮೊದಲ ಬಾರಿ ಸರಿಯಾಗಿ ನೋಡಿದರು ಎಂದು ನೆನಪು.

ಸಮನ್ಸು ಮುಟ್ಟಿತೆಂದು ಜವಾನ ವರದಿ ಕೊಟ್ಟ. ಹೆಬ್ಬೆಟ್ಟು ಒತ್ತಿಸಿಕೊಂಡೆ, ಆಯಮ್ಮ ಏನೂ ಹೇಳಲಿಲ್ಲ ಎಂದ.

ವಾಯಿದೆಯ ದಿನ ಕಡೂರಿನಿಂದ ಹೊರಟ ಬಸ್ಸು ಬೀರೂರಿನ ಹತ್ತಿರ ಕೆಟ್ಟು ನಿಂತಿತು. ತೆಂಗಿನಕಾಯಿ ಲಾರಿಯೊಂದಕ್ಕೆ ಕೈ ತೋರಿಸಿ, ಡ್ರೈವರನ ಪಕ್ಕ ಕೂತು ತರೀಕೆರೆ ಸೇರಿದೆ. ಕೋಟು ಹಾಕಿಕೊಂಡು ಒಳಗೆ ಹೋದಾಗ ಕಕ್ಷಿದಾರಳು ಒಬ್ಬಳೇ ಗೋಡೆಗೊರಗಿ ನಿಂತಿದ್ದಳು. ಮೈದುನ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದ. ಅತ್ತಿಗೆ ಕಾಣಲಿಲ್ಲ.

ನಮ್ಮ ದಾವೆಯ ಹೆಸರು ಕೂಗಿದರು. ಸಾಕ್ಷಿಯ ಹೆಸರು ಕೂಗಿದರು. ಯಾರೂ ಎದ್ದು ಬರಲಿಲ್ಲ. ಜವಾನ ಹೊರಗೆ ಹೋಗಿ ಮತ್ತೊಮ್ಮೆ ಕೂಗಿದ. ಸಾಕ್ಷಿಯನ್ನು ಬಿಟ್ಟುಕೊಡುತ್ತೇನೆ ಎಂದು ಹೇಳಲು ನಾನು ಎದ್ದೆ. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಒಂದು ದನಿ ಬಂತು.

"ಬಂದೆ ಕಣಪ್ಪ, ಅದ್ಯಾಕಂಗೆ ಅರಚ್ತೀಯ? ಕಿವುಡಿ ಅನ್ಕಂಡಿದೀಯಾ?"

ಕೆಂಪು ಸೀರೆಯ ಸೆರಗು ತಲೆಮೇಲೆ ಹೊದ್ದ ಮುದುಕಿ ಒಳಗೆ ಬಂದರು. ನಾಲ್ಕು ಅಡಿಗಿಂತ ಚೂರು ಹೆಚ್ಚಿರಬಹುದು. ಕಟಕಟೆ ಹತ್ತಿದಾಗ ಕಣ್ಣು, ಹಣೆ ಮಾತ್ರ ಕಾಣುತ್ತಿದ್ದವು. ವಯಸ್ಸಾದವರೆಂದು ಮುನ್ಸೀಫರು ಅದರೊಳಗೇ ಕುರ್ಚಿ ಹಾಕಿಸಿದರು. ಆಕೆ ಕುರ್ಚಿಯನ್ನು ಒಂದು ಸಲ ನೋಡಿ, ಕೂರದೆ ಪಕ್ಕದಲ್ಲಿ ನಿಂತರು.

ನಾನು ಕೇಳಿದ್ದು ನಾಲ್ಕಾರು ಪ್ರಶ್ನೆ, ಉತ್ತರದ ಸುಳಿವು ಕೊಡದಂಥವು. ವಾದಿ ಯಾರೆಂದು ಗೊತ್ತೇ?

"ನನ್ ದೊಡ್ ತಮ್ಮನ ಹೆಂಡ್ತಿ."

ಹೇಗೆ ಹೆಂಡತಿ?

"ಹೆಂಗೆ ಅಂದ್ರೆ? ಉಡಿಕೆ ಆಯ್ತು. ಸೀರೆ ಮಡ್ಲಿಗೆ ಹಾಕಿದೋಳೇ ನಾನು."

ನಿಮ್ಮ ಮನೆಯಲ್ಲಿ ಅದಕ್ಕೆ ಮುಂಚೆ ಉಡಿಕೆ ಆಗಿತ್ತೇ?

"ನಮ್ಮ ಚಿಕ್ಕಜ್ಜಿ ಉಡಿಕೆಯಾಗಿ ಬಂದೋಳೇ. ಅವಳ ಹೊಟ್ಟೇಲಿ ಹುಟ್ಟಿದೋರೇ ಈಗ ಊರಿಗೆ ದೊಡ್ಡೋರು."

ನಾನು ಕೂತೆ. ಎದುರು ವಕೀಲರು ಎದ್ದರು. ಈ ಸಲ ಅವರ ದನಿ ಮೆತ್ತಗಿತ್ತು.

"ನಿಮಗೆ ಅನ್ನ ಬಟ್ಟೆ ಯಾರವ್ವ ನೋಡ್ತಿರೋದು?"

"ಅಗೋ, ಅಲ್ಲಿ ಕೂತವ್ನಲ್ಲ, ನನ್ ಚಿಕ್ ತಮ್ಮ. ಒಂದಿನಾನೂ ಕಡಿಮೆ ಮಾಡಿಲ್ಲ. ಚಿನ್ನದಂಥೋನು."

"ಅಂಥ ತಮ್ಮನ ವಿರುದ್ಧ ಸಾಕ್ಷಿ ಹೇಳು ಅಂತ ಯಾರು ಹೇಳ್ಕೊಟ್ರು?"

"ಅವನ ವಿರುದ್ಧ ಎಲ್ಲಿ ಹೇಳ್ದೆ? ಇಲ್ಲಿ ಕೇಳಿದ್ದು ಸೀರೆ ವಿಷ್ಯ. ಸೀರೆ ವಿಷ್ಯ ಹೇಳ್ದೆ."

"ಈ ಲಾಯರಮ್ಮ ನಿಮ್ಮನೆಗೆ ಬಂದಿದ್ರು. ಹಿಂಗಿಂಗೆ ಹೇಳು ಅಂದ್ರು. ಹೌದಲ್ವಾ?"

ಮುದುಕಿ ನನ್ನ ಕಡೆ ತಿರುಗಿ ಕಾಲಿನಿಂದ ತಲೆವರೆಗೆ ನಿಧಾನವಾಗಿ ನೋಡಿದರು.

"ಇವಳ್ನ ಇವತ್ತೇ ಕಾಣ್ತಿರೋದು. ಇಷ್ಟುದ್ದ ಇರೋಳ್ನ ಮುಂಚೆ ನೋಡಿದ್ರೆ ಮರ್ತುಬಿಡ್ತೀನಾ?"

ಮುನ್ಸೀಫರು ಸಹ ನಕ್ಕರು. ಎದುರು ವಕೀಲರು ನಗಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಅವರಿಗೆ ಒಳ್ಳೆಯದಿತ್ತೋ ಏನೋ. ಪಳಗಿದವರೂ ಒಮ್ಮೊಮ್ಮೆ ಒಂದು ಪ್ರಶ್ನೆ ಹೆಚ್ಚು ಕೇಳುತ್ತಾರೆ.

"ಇಷ್ಟೆಲ್ಲ ಗೊತ್ತಿದ್ರೆ ಹೇಳಿ ನೋಡೋಣ. ಆ ಸೀರೆ ತಂದೋರು ಯಾರು?"

"ಇವನೇ. ನನ್ ಚಿಕ್ ತಮ್ಮ. ಅಜ್ಜಂಪುರದ ಸಂತೆಗೆ ಹೋಗಿ ತಂದ. ಹಸಿರು ತತ್ತಾ ಅಂದಿದ್ದೆ, ನೀಲಿ ತಂದ. ಬೈದೆ. ಬರೋ ಅತ್ಗೆಗೆ ನೀಲೀನೇ ಒಪ್ಪೋದು ಅಂದ."

ಬಾಗಿಲ ಬಳಿಯ ಬೆಂಚಿನಲ್ಲಿ ಮೈದುನ ತಲೆ ತಗ್ಗಿಸಿದ. ಇದು ನನಗೂ ಹೊಸದು. ನನ್ನ ಕಕ್ಷಿದಾರಳಿಗೂ ಹೊಸದೆಂದು ಅವಳ ಮುಖ ಹೇಳುತ್ತಿತ್ತು. ಸೀರೆ ಯಾರು ತಂದರೆಂದು ಮದುವಣಗಿತ್ತಿಗೆ ಯಾರೂ ಹೇಳಿರಲಿಲ್ಲ.

"ಎಷ್ಟೋ ಕಾಲದ ಮಾತು" ಎಂದರು ಎದುರು ವಕೀಲರು. "ವಯಸ್ಸಾಗಿದೆ ನಿಮಗೆ. ಬಣ್ಣ ಸಮೇತ ನೆನಪಿದೆ ಅಂದ್ರೆ ಯಾರು ನಂಬ್ತಾರೆ ತಾಯಿ?"

ಆಕೆ ಕಟಕಟೆಯ ಮರವನ್ನು ಬೆರಳಿನಿಂದ ಸವರಿದರು.

"ನಂಗೆ ಬುದ್ಧಿ ಬಂದಾಗಿಂದ ಎಷ್ಟು ಮದ್ವೆ ಆದ್ವೋ ನಮ್ಮನೇಲಿ, ಊರಲ್ಲಿ. ಎಲ್ಲದಕ್ಕೂ ಅಕ್ಕಿ ಕೇರಿದೀನಿ, ಪಾತ್ರೆ ಬೆಳಗಿದೀನಿ. ಧಾರೆ ಹೊತ್ಗೆ, ನೀನು ಒಳಗಿರಮ್ಮ, ಎದುರಿಗೆ ಬರ್ಬೇಡ, ಅಂತಿದ್ರು. ಈ ತಮ್ಮನ ಮದ್ವೇನೂ ನಾನ್ ನೋಡ್ಲಿಲ್ಲ. ಅವತ್ತೊಂದಿನ, ಬಾರಮ್ಮ ಮುಂದಕ್ಕೆ, ನಿನ್ನಿಂದ್ಲೇ ಆಗ್ಬೇಕು, ಅಂತ ಕರುದ್ರು. ನಾನ್ ನೋಡಿದ್ದು ಅದೊಂದೇ ಮದ್ವೆ ಕಣಪ್ಪ. ಅದನ್ನೂ ಮರೀಲಾ?"

ಟೈಪು ಯಂತ್ರ ನಿಂತಿತ್ತು. ಮುನ್ಸೀಫರು ಗುಮಾಸ್ತರಿಗೆ ಕನ್ನಡದಲ್ಲೇ, ಆಕೆಯ ಮಾತಿನಲ್ಲೇ ಬರೆದುಕೊಳ್ಳಲು ಹೇಳಿದರು. ಎದುರು ವಕೀಲರು ಇನ್ನೇನೂ ಪ್ರಶ್ನೆಯಿಲ್ಲ ಎಂದು ಕೂತರು.

ಕಟಕಟೆ ಇಳಿದ ಮೇಲೆ ಆಕೆಗೆ ಎಲ್ಲಿ ಹೋಗಬೇಕೆಂದು ತೋಚಲಿಲ್ಲ. ತಮ್ಮ ಎದ್ದು, ಯಾರ ಕಡೆಯೂ ನೋಡದೆ ಹೊರಗೆ ಹೋಗಿಬಿಟ್ಟಿದ್ದ. ನನ್ನ ಕಕ್ಷಿದಾರಳು ಗೋಡೆ ಬಿಟ್ಟು ಬಂದು ಅತ್ತಿಗೆಯ ಕೈ ಹಿಡಿದಳು. "ಉಂಡ್ರಾ?" ಎಂದು ಇವಳು ಕೇಳಿದಳು. "ಇಲ್ಲ ಕಣೇ" ಎಂದರು ಅವರು. ಇಬ್ಬರೂ ಕೋರ್ಟಿನ ಎದುರಿನ ಹೋಟೆಲಿಗೆ ಹೋದರು. ಆ ದಿನದಿಂದ ಅತ್ತಿಗೆ ಬೀದಿ ಕಡೆಯ ಬಾಗಿಲಿನ ಕೋಣೆಯಲ್ಲೇ ಉಳಿದರೆಂದು ಆಮೇಲೆ ತಿಳಿಯಿತು. ತಮ್ಮ ಹೋಗು ಎನ್ನಲಿಲ್ಲ, ಒಳಗೆ ಬಾ ಎಂದೂ ಕರೆಯಲಿಲ್ಲ.

ವಾದ ಮುಗಿದು ತೀರ್ಪಿನ ದಿನ ಬಂತು. ಈ ಸಲ ಹಿರಿಯರೂ ನನ್ನ ಜೊತೆ ತರೀಕೆರೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತರು. ಮುನ್ಸೀಫರು ಇಂಗ್ಲಿಷಿನಲ್ಲಿ ಓದಿದರು. ಮದುವೆ ಶಾಸ್ತ್ರೋಕ್ತವಲ್ಲದಿದ್ದರೂ ಪದ್ಧತಿಬದ್ಧವಾದದ್ದು, ವಾದಿಯು ಮೃತನಿಗೆ ಕಾನೂನು ಒಪ್ಪುವ ಹೆಂಡತಿ. ಮನೆಯಲ್ಲಿ ಅವಳಿಗೆ ಹಕ್ಕುಂಟು. ಪ್ರತಿವಾದಿ ಮುಚ್ಚಿಸಿದ ಬಾಗಿಲನ್ನು ತೆರೆದುಕೊಡಬೇಕು. ಹಿರಿಯರ ಕಡೆ ತಿರುಗಿ ನೋಡಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಹೊರಗೆ ಬಂದು ಜಗಲಿ ಮೇಲೆ ಕೂತಿದ್ದ ಇಬ್ಬರಿಗೂ ಕನ್ನಡದಲ್ಲಿ ವಿವರಿಸಿದೆ. "ಹೆಂಡ್ತಿ ಅಂತ ಬರ್ದವ್ರಾ?" ಎಂದು ಕಕ್ಷಿದಾರಳು ಕೇಳಿದಳು. "ಬರೆದಿದ್ದಾರೆ" ಎಂದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತಿಗೆ ನನ್ನ ಕೋಟಿನ ತೋಳು ಎಳೆದರು.

"ನನ್ ಮಾತೇನಾರ ಬಂತಾ ಅದ್ರಲ್ಲಿ?"

"ಬಂತು. ಇಂಥ ಮದುವೆಗೆ ಈಕೆಗಿಂತ ತಕ್ಕ ಸಾಕ್ಷಿ ಬೇರೊಬ್ಬರಿರಲು ಸಾಧ್ಯವಿಲ್ಲ ಅಂತ ಬರೆದಿದ್ದಾರೆ."

"ಇನ್ನೊಂದ್ಸಲ ಹೇಳು."

ಮತ್ತೊಮ್ಮೆ ಹೇಳಿದೆ.

"ನನ್ ತಮ್ಮನೂ ಕೇಳಿಸ್ಕಂಡ್ನಾ?"

"ಅಲ್ಲೇ ಇದ್ದರು. ಅವರ ವಕೀಲರು ಬಿಡಿಸಿ ಹೇಳಿದರು. ಅಪೀಲು ಹಾಕಬೇಡ ಅಂತಲೂ ಹೇಳುತ್ತಿದ್ದರು."

ಆತ ಹುಣಸೆಮರದ ಕೆಳಗೆ ಒಬ್ಬನೇ ನಿಂತು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಹೋಗಲೂ ಆರ, ನಿಲ್ಲಲೂ ಆರ. ಮುದುಕಿ ಮೊಣಕಾಲಿಗೆ ಕೈಯೂರಿ ಎದ್ದು, ಜಗಲಿಯ ಅಂಚಿಗೆ ಬಂದು ಗಟ್ಟಿಯಾಗಿ ಕೂಗಿದರು.

"ಏನೋ, ಮರ ಎತ್ಕಂಡ್ ಹೋಗೋನಂಗೆ ನಿಂತಿದೀಯ? ಅಜ್ಜಂಪುರದ ಬಸ್ಸು ನಮ್ಮಪ್ಪಂದಲ್ಲ ಕಣೋ, ಕಾಯಾಕೆ. ಮೂರು ಟಿಕೇಟು ತಗೊ, ನಡಿ."

ಆತ ಅಲ್ಲಿಂದಲೇ ತಲೆಯಾಡಿಸಿದ. ನಾನು ಅಷ್ಟು ಹೊತ್ತಿಗೆ ಮುಂದಿನ ದಾವೆಗೆ ಒಳಗೆ ಹೋಗಬೇಕಾಗಿತ್ತು.